ಹಳೆಯ ಕಾವ್ಯಗಳನ್ನು ಓದಿದ ವಿಶ್ವಾಸಿ

ಕ್ರಿಸ್ಮಸ್ ಸಮೀಪಿಸುತ್ತಿದ್ದಂತೆ ಮಕ್ಕಳಿಗೆ ಯಾವ ಪುಸ್ತಕ ಕೊಡಿಸಬೇಕೆಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಏಳುವುದುಂಟು. ಕುಬ್ಜರು, ಮಾಯಾವಿಗಳು, ಬೆಂಕಿ ಉಗುಳುವ ಘಟಸರ್ಪಗಳು ತುಂಬಿರುವ 'ದಿ ಹಾಬಿಟ್', 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮುಂತಾದ ಗ್ರಂಥಗಳನ್ನು ಕಥೋಲಿಕ ಕುಟುಂಬದ ಮಕ್ಕಳು ಓದುವುದು ಉಚಿತವೇ? ಇವುಗಳ ಕರ್ತೃವಾದ ಜೆ.ಆರ್.ಆರ್. ಟೋಲ್ಕಿನ್ ಅವರು ಸ್ವತಃ ನಿಷ್ಠಾವಂತ ಕಥೋಲಿಕರಾಗಿದ್ದರೆಂದು ಹೇಳಿ ಹೆತ್ತವರ ಆತಂಕವನ್ನು ಸುಲಭವಾಗಿ ಪರಿಹರಿಸಿಬಿಡಬಹುದು. ಆ ಉತ್ತರ ಸತ್ಯವೇ ಆದರೂ ಸಾಲದು. ಕಥೋಲಿಕರೊಬ್ಬರು ಬರೆದ ಮಾತ್ರಕ್ಕೆ ಪುಸ್ತಕ ಒಳ್ಳೆಯದಾಗುವುದಿಲ್ಲ.

ಈ ವಾರ ನಾವು ಆ ಪ್ರಶ್ನೆಯನ್ನು ಬದಿಗಿರಿಸಿ, ಟೋಲ್ಕಿನ್ನರ ಬದುಕಿನ ಅಷ್ಟಾಗಿ ಪ್ರಚಾರಕ್ಕೆ ಬಾರದ ಭಾಗವೊಂದರತ್ತ ಓದುಗರ ಗಮನ ಸೆಳೆಯಬಯಸುತ್ತೇವೆ. ಕಥೆ ಬರೆಯುವುದು ಅವರ ಜೀವನೋಪಾಯವಾಗಿರಲಿಲ್ಲ. 1925ರಿಂದ 1959ರವರೆಗೆ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಮೊದಲ 20 ವರ್ಷ ಆಂಗ್ಲೋ-ಸ್ಯಾಕ್ಸನ್ ಪೀಠದಲ್ಲಿ, ಅನಂತರ ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯದ ಪೀಠದಲ್ಲಿ. ಆರುನೂರು, ಎಂಟುನೂರು, ಸಾವಿರ ವರ್ಷಗಳ ಹಿಂದೆ ಚರ್ಮದ ಹಾಳೆಗಳ ಮೇಲೆ ಬರೆಯಲ್ಪಟ್ಟ ಇಂಗ್ಲಿಷ್ ಕೃತಿಗಳನ್ನು ಓದುವುದು, ಒಂದೊಂದು ಪದದ ಮೂಲವನ್ನು ಅರಸುವುದು, ಪಾಠಾಂತರಗಳನ್ನು ತೂಗಿನೋಡುವುದು, ತಿಳಿದದ್ದನ್ನು ವಿದ್ಯಾರ್ಥಿಗಳಿಗೆ ಬೋಧಿಸುವುದು ಅವರ ಉದ್ಯೋಗ. ಸಂಬಳ ಬರುತ್ತಿದ್ದುದು ಇದಕ್ಕೆ. ಆ ಸಂಬಳ ನಾಲ್ವರು ಮಕ್ಕಳ ಸಂಸಾರಕ್ಕೆ ಸಾಲದೆ ಬೇಸಿಗೆಯಲ್ಲಿ ಶಾಲಾ ಪರೀಕ್ಷೆಗಳ ಉತ್ತರಪತ್ರಿಕೆಗಳನ್ನೂ ತಿದ್ದುತ್ತಿದ್ದರು. 'ದಿ ಹಾಬಿಟ್' ಕೃತಿಯ ಮೊದಲ ವಾಕ್ಯ ಹುಟ್ಟಿದ್ದು ಹಾಗೆ ತಿದ್ದುತ್ತಿದ್ದ ಉತ್ತರಪತ್ರಿಕೆಯೊಂದರ ಖಾಲಿ ಹಾಳೆಯ ಮೇಲೆಯೇ.

ಈ ಹಳೆಯ ಪ್ರಾಧ್ಯಾಪಕರ ಹಳೆಯ ಕಾವ್ಯಗಳಿಂದ ನಮಗೇನು ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಪದವಿ ವಿದ್ಯಾಭ್ಯಾಸಕ್ಕೆ ಕಾಲಿಡುವ ನಮ್ಮ ಯುವಕ ಯುವತಿಯರು ಒಂದಲ್ಲ ಒಂದು ದಿನ ಒಂದು ಮಾತನ್ನು ಕೇಳಿಯೇ ಕೇಳುತ್ತಾರೆ. ವಿದ್ವತ್ತು ಬೇಕಾದರೆ ವಿಶ್ವಾಸವನ್ನು ತರಗತಿಯ ಬಾಗಿಲಲ್ಲಿ ಚಪ್ಪಲಿಯಂತೆ ಕಳಚಿಟ್ಟು ಒಳಗೆ ಬರಬೇಕು. ನಂಬುವವನ ಕಣ್ಣಿಗೆ ಪೊರೆ ಇರುತ್ತದೆ, ಅವನು ಪಠ್ಯದಲ್ಲಿ ಇರುವುದನ್ನು ಕಾಣದೆ ತನಗೆ ಬೇಕಾದುದನ್ನೇ ಕಾಣುತ್ತಾನೆ ಎಂಬ ಮಾತು ಅದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಗೆ ಓದುವ ವಿಶ್ವಾಸಿಗಳು ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ಆದರೆ ವಿಶ್ವಾಸವೇ ಕಣ್ಣಾಗಿ, ಬೇರೆಯವರು ಕಾಣದೆ ದಾಟಿಹೋದದ್ದನ್ನು ತೋರಿಸಿಕೊಟ್ಟ ಪ್ರಸಂಗಗಳೂ ಇವೆ. ಟೋಲ್ಕಿನ್ನರ ವಿದ್ವತ್ಕಾರ್ಯದಲ್ಲಿ ಅಂಥ ಪ್ರಸಂಗ ಒಂದಕ್ಕಿಂತ ಹೆಚ್ಚಿದೆ.

ಆ ವಿಶ್ವಾಸ ಅವರಿಗೆ ಪುಕ್ಕಟೆಯಾಗಿ ಬಂದದ್ದಲ್ಲ. ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ 1892ರ ಜನವರಿ 3ರಂದು ಹುಟ್ಟಿದ ಅವರು ನಾಲ್ಕು ವರ್ಷದವರಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇಬ್ಬರು ಗಂಡುಮಕ್ಕಳನ್ನು ಸಾಕುತ್ತಿದ್ದ ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಬಂಧುಗಳು ಸಿಟ್ಟಾದರು, ಬರುತ್ತಿದ್ದ ಹಣಸಹಾಯ ನಿಂತಿತು. ಆ ತಾಯಿ ಬಡತನದಲ್ಲಿಯೂ ಮಗನಿಗೆ ಲತೀನ್, ಫ್ರೆಂಚ್, ಜರ್ಮನ್ ಭಾಷೆಗಳ ಮೊದಲ ಪಾಠಗಳನ್ನು ತಾನೇ ಹೇಳಿಕೊಟ್ಟಳು. 1904ರ ನವೆಂಬರಿನಲ್ಲಿ, ಕೇವಲ 34ರ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯಿಂದ ತೀರಿಕೊಂಡಳು. ಇನ್ಸುಲಿನ್ ಚಿಕಿತ್ಸೆ ಆರಂಭವಾದದ್ದು 1922ರಲ್ಲಿ. ತನ್ನ ಮಕ್ಕಳ ಪಾಲನೆಯನ್ನು ಆಕೆ ಒಪ್ಪಿಸಿದ್ದು ಕಾರ್ಡಿನಲ್ ನ್ಯೂಮನ್ನರು ಸ್ಥಾಪಿಸಿದ್ದ ಬರ್ಮಿಂಗ್‌ಹ್ಯಾಮಿನ ಒರೆಟರಿಯ ಗುರುಗಳಾದ ಫ್ರಾನ್ಸಿಸ್ ಮಾರ್ಗನ್ ಸ್ವಾಮಿಯವರಿಗೆ. ತನ್ನ ತಾಯಿಯನ್ನು ಟೋಲ್ಕಿನ್ ಬದುಕಿನುದ್ದಕ್ಕೂ ವಿಶ್ವಾಸಕ್ಕಾಗಿ ಪ್ರಾಣ ತೆತ್ತ ರಕ್ತಸಾಕ್ಷಿಯೆಂದೇ ಭಾವಿಸಿದರು. ಭಾಷೆಯ ಮೇಲಣ ಪ್ರೀತಿ ಮತ್ತು ಧರ್ಮಸಭೆಯ ಮೇಲಣ ಪ್ರೀತಿ ಅವರಲ್ಲಿ ಒಂದೇ ಕೈಯಿಂದ ಬಂದವು.

1911ರಲ್ಲಿ ಗ್ರೀಕ್ ಮತ್ತು ಲತೀನ್ ಓದಲೆಂದು ಆಕ್ಸ್‌ಫರ್ಡ್ ಸೇರಿದ ಅವರು ಎರಡು ವರ್ಷಗಳ ಬಳಿಕ ಇಂಗ್ಲಿಷಿಗೆ ಬದಲಾಯಿಸಿಕೊಂಡರು. ಆ ದಿನಗಳಲ್ಲಿ ಓದಿದ ಹಳೆಯ ಇಂಗ್ಲಿಷ್ ಕಾವ್ಯವೊಂದರಲ್ಲಿ 'ಎಯಾರೆಂಡೆಲ್' ಎಂಬ ವಿಚಿತ್ರ ಪದ ಅವರನ್ನು ತಡೆದು ನಿಲ್ಲಿಸಿತು. ಆಗಮನ ಕಾಲದ ಕೊನೆಯ ವಾರದ ಸಂಧ್ಯಾ ಪ್ರಾರ್ಥನೆಯಲ್ಲಿ ಧರ್ಮಸಭೆ ಹಾಡುವ ಏಳು 'ಓ' ಕರೆಗಳು ನಮ್ಮ ಓದುಗರಿಗೆ ಪರಿಚಿತವೇ. ಡಿಸೆಂಬರ್ 21ರ ಕರೆಯಲ್ಲಿ ಕ್ರಿಸ್ತರನ್ನು ಮೂಡಣದ ಬೆಳಕೆಂದು ಸಂಬೋಧಿಸಲಾಗುತ್ತದೆ. ಆ ಲತೀನ್ ಸಂಬೋಧನೆಯನ್ನು ಪುರಾತನ ಇಂಗ್ಲಿಷ್ ಕವಿ ತನ್ನ ಜನರ ಭಾಷೆಗೆ ತರುವಾಗ ಬಳಸಿದ ಪದ ಇದು. ಕವಿ ಅದನ್ನು ಹೊಸದಾಗಿ ಕಟ್ಟಿದ್ದಲ್ಲ; ಕ್ರೈಸ್ತಧರ್ಮ ಬರುವುದಕ್ಕೂ ಮುನ್ನ ಆ ಜನರು ಆಕಾಶದ ನಕ್ಷತ್ರವೊಂದಕ್ಕೆ ಇಟ್ಟಿದ್ದ ಹೆಸರು ಅದೆಂದು ಟೋಲ್ಕಿನ್ ಭಾವಿಸಿದರು. 1914ರಲ್ಲಿ ಆ ಪದದ ಸುತ್ತ ಅವರು ಬರೆದ ಪದ್ಯವೇ ಮುಂದಿನ ಅವರ ಕಲ್ಪನಾಲೋಕದ ಮೊದಲ ಬೀಜ. ಅಡ್ವೆಂಟಿನ ಪ್ರಾರ್ಥನೆಯೊಂದರ ಒಂದು ಪದ ಇಷ್ಟು ದೂರ ಹೋದೀತೆಂದು ಯಾರು ತಾನೇ ಎಣಿಸಿದ್ದರು!

ನಡುವೆ ಮಹಾಯುದ್ಧ ಬಂತು. 1916ರ ಸೋಮ್ ಕದನದಲ್ಲಿದ್ದ ಅವರು ಕಂದಕ ಜ್ವರ ಹಿಡಿದು ಮರಳಿದರು. ಶಾಲಾದಿನಗಳ ನಾಲ್ವರು ಗೆಳೆಯರ ಪುಟ್ಟ ಕೂಟದಲ್ಲಿ ಇಬ್ಬರು ಅದೇ ವರ್ಷ ಸತ್ತರು. ಯುದ್ಧ ಮುಗಿದ ಮೇಲೆ ಸಿಕ್ಕಿದ ಮೊದಲ ಕೆಲಸ ಆಕ್ಸ್‌ಫರ್ಡ್ ನಿಘಂಟಿನಲ್ಲಿ, ಡಬ್ಲ್ಯು ಅಕ್ಷರದಿಂದ ಆರಂಭವಾಗುವ ಕೆಲವು ಪದಗಳ ಇತಿಹಾಸ ಬರೆಯುವುದು. 1920ರಲ್ಲಿ ಲೀಡ್ಸ್ ವಿಶ್ವವಿದ್ಯಾನಿಲಯ, ಐದು ವರ್ಷಗಳ ಬಳಿಕ ಆಕ್ಸ್‌ಫರ್ಡ್.

ಅವರ ಹೆಸರನ್ನು ವಿದ್ವತ್ ವಲಯದಲ್ಲಿ ಸ್ಥಿರಗೊಳಿಸಿದ್ದು 1936ರ ನವೆಂಬರ್ 25ರಂದು ಲಂಡನ್ನಿನ ಬ್ರಿಟಿಷ್ ಅಕಾಡೆಮಿಗಾಗಿ 'ಬಿಯೋವುಲ್ಫ್' ಕಾವ್ಯದ ಬಗ್ಗೆ ನೀಡಿದ ಉಪನ್ಯಾಸ. ಪಂಪನ ಕನ್ನಡವನ್ನು ನಾವು ತಡವರಿಸಿಯಾದರೂ ನಮ್ಮದೆಂದು ಗುರುತಿಸಬಲ್ಲೆವು. ಬಿಯೋವುಲ್ಫ್‌ನ ಭಾಷೆಯಾದರೋ ಇಂದಿನ ಇಂಗ್ಲಿಷರಿಗೆ ಪರಭಾಷೆಯೇ ಸರಿ. 3182 ಸಾಲುಗಳ ಈ ಕಾವ್ಯಕ್ಕೆ ಉಳಿದಿರುವುದು ಒಂದೇ ಹಸ್ತಪ್ರತಿ. ಅದರ ಅಂಚುಗಳೂ 1731ರ ಬೆಂಕಿಯಲ್ಲಿ ಸುಟ್ಟಿವೆ. ಕಥೆ ಸರಳ. ಡೆನ್ಮಾರ್ಕಿನ ಅರಸನ ಸಭಾಭವನಕ್ಕೆ ರಾತ್ರಿ ನುಗ್ಗಿ ಜನರನ್ನು ತಿನ್ನುವ ಗ್ರೆಂಡೆಲ್ ಎಂಬ ದೈತ್ಯನನ್ನೂ ಅವನ ತಾಯಿಯನ್ನೂ ಬಿಯೋವುಲ್ಫ್ ಎಂಬ ವೀರ ಕೊಲ್ಲುತ್ತಾನೆ. ತಾನೂ ಅರಸನಾಗಿ ಐವತ್ತು ವರ್ಷ ಆಳಿ, ಮುದಿತನದಲ್ಲಿ ಘಟಸರ್ಪವೊಂದನ್ನು ಕೊಂದು ತಾನೂ ಸಾಯುತ್ತಾನೆ.

ಅಲ್ಲಿಯವರೆಗೆ ವಿದ್ವಾಂಸರು ಈ ಕಾವ್ಯವನ್ನು ಬಹುಮಟ್ಟಿಗೆ ಗಣಿಯಂತೆ ಅಗೆದಿದ್ದರು. ಉತ್ತರ ಯೂರೋಪಿನ ಪ್ರಾಚೀನ ಕುಲಗಳ ಇತಿಹಾಸ, ಆಚಾರ, ಆಯುಧಗಳ ವಿವರ ಇವುಗಳಿಗಾಗಿ. ದೈತ್ಯರ ಕಥೆ ಅವರಿಗೆ ಮುಜುಗರ ತರುತ್ತಿತ್ತು. ಇಷ್ಟು ಗಂಭೀರವಾದ ಭಾಷೆಯನ್ನು ಕವಿ ಅಜ್ಜಿಕಥೆಗೆ ವ್ಯಯಿಸಿದನಲ್ಲಾ ಎಂದು ಮರುಗುತ್ತಿದ್ದರು. ಟೋಲ್ಕಿನ್ ಇದಕ್ಕೆ ಒಂದು ದೃಷ್ಟಾಂತದ ಮೂಲಕ ಉತ್ತರಿಸಿದರು. ಒಬ್ಬನು ಹಳೆಯ ಮನೆಯೊಂದರ ಕಲ್ಲುಗಳಿಂದ ಗೋಪುರ ಕಟ್ಟಿದ. ಗೆಳೆಯರು ಬಂದು, ಕಲ್ಲುಗಳು ಹಳೆಯವೆಂದು ಗುರುತಿಸಿ, ಅವುಗಳ ಮೇಲಿನ ಕೆತ್ತನೆ ನೋಡಲು ಗೋಪುರವನ್ನೇ ಕೆಡವಿದರು. ಆದರೆ ಆ ಗೋಪುರದ ತುದಿಯಿಂದ ಕಟ್ಟಿದವನಿಗೆ ಕಡಲು ಕಾಣುತ್ತಿತ್ತು. ಕಾವ್ಯವನ್ನು ಕಾವ್ಯವಾಗಿ ಓದಬೇಕು, ದೈತ್ಯರು ಅದರ ಹೃದಯದಲ್ಲಿಯೇ ಇದ್ದಾರೆ, ಮನುಷ್ಯನು ಕೊನೆಗೆ ಸೋಲುತ್ತಾನೆಂದು ತಿಳಿದೂ ಕೇಡಿನ ಎದುರು ನಿಲ್ಲುವುದೇ ಅದರ ವಸ್ತು ಎಂಬುದು ಅವರ ವಾದದ ತಿರುಳು. ಈ ಕಾವ್ಯದ ಅಧ್ಯಯನದ ದಾರಿಯನ್ನೇ ಆ ಉಪನ್ಯಾಸ ಬದಲಿಸಿತೆಂಬುದು ಇಂದು ಸರ್ವಸಮ್ಮತ.

ನಮ್ಮ ಅಂಕಣಕ್ಕೆ ಹೆಚ್ಚು ಪ್ರಸ್ತುತವಾದುದು ಆ ಉಪನ್ಯಾಸದ ಇನ್ನೊಂದು ಭಾಗ. ಬಿಯೋವುಲ್ಫ್ ಕವಿ ಕ್ರೈಸ್ತ. ಅವನ ಪಾತ್ರಗಳು ಕ್ರೈಸ್ತರಲ್ಲ. ಕಾಯಿನನ ವಂಶದವನು ಗ್ರೆಂಡೆಲ್ ಎಂದು ಕಾವ್ಯ ಹೇಳುತ್ತದೆ, ಸೃಷ್ಟಿಕರ್ತನನ್ನು ಸ್ಮರಿಸುತ್ತದೆ, ಆದರೆ ಕ್ರಿಸ್ತರ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ. ಯಾರೋ ಒಬ್ಬ ಮಠವಾಸಿ ಹಳೆಯ ಕಥೆಗೆ ಅಲ್ಲಲ್ಲಿ ಬೈಬಲಿನ ತೇಪೆ ಹಚ್ಚಿದ್ದಾನೆಂದು ಅನೇಕರು ಇದನ್ನು ವಿವರಿಸಿದ್ದರು. ಟೋಲ್ಕಿನ್ ಒಪ್ಪಲಿಲ್ಲ. ಇದು ತೇಪೆಯಲ್ಲ, ನೇಯ್ಗೆ ಎಂದರು ಅವರು. ಕವಿಯು ತನ್ನ ಪೂರ್ವಜರನ್ನು ಹಿಂತಿರುಗಿ ನೋಡುತ್ತಿದ್ದಾನೆ. ಅವರಿಗೆ ಸುವಾರ್ತೆ ತಲುಪಿರಲಿಲ್ಲವೆಂದು ಬಲ್ಲ. ಆದರೂ ಅವರ ಧೈರ್ಯ, ನಿಷ್ಠೆ, ಔದಾರ್ಯಗಳನ್ನು ಹೀಗಳೆಯಲು ಅವನಿಗೆ ಮನಸ್ಸಿಲ್ಲ. ಅವರ ಬಾಯಲ್ಲಿ ಕ್ರಿಸ್ತರ ಹೆಸರನ್ನು ತುರುಕಿ ಸುಳ್ಳು ಹೇಳಲೂ ಅವನು ಸಿದ್ಧನಿಲ್ಲ. ಇಂಥ ನೋಟ ಹೊಸದಾಗಿ ಮತಾಂತರಗೊಂಡವನ ಉಮೇದಿನಿಂದ ಬರುವಂಥದಲ್ಲ, ಅವಿಶ್ವಾಸಿಯ ಉದಾಸೀನದಿಂದ ಬರುವಂಥದೂ ಅಲ್ಲ. ವಿಶ್ವಾಸದಲ್ಲಿ ಬೇರೂರಿದವನು ಮಾತ್ರ ತನ್ನ ಅಜ್ಜ ಮುತ್ತಜ್ಜರನ್ನು ಇಷ್ಟು ನಿರ್ಭಯವಾಗಿ ಪ್ರೀತಿಸಬಲ್ಲ. ಧರ್ಮಸಭೆಗೆ ಸೇರುವ ಮೊದಲಿನ ಪೂರ್ವಜರನ್ನು ಕುರಿತು ಯಾವ ಭಾವ ಇರಬೇಕೆಂಬುದು ನಮ್ಮ ನಾಡಿನ ಕ್ರೈಸ್ತ ಮನೆಗಳಲ್ಲಿ ಬಹಿರಂಗವಾಗಿ ಮಾತನಾಡದ, ಆದರೆ ಒಳಗೊಳಗೇ ಇರುವ ಪ್ರಶ್ನೆ. ಅದನ್ನು ಸಾವಿರ ವರ್ಷಗಳ ಹಿಂದೆಯೇ ಎದುರಿಸಿದ ಕವಿಯೊಬ್ಬನಿದ್ದನೆಂಬುದು ತಿಳಿದಿರಲಿ.

ಎರಡನೆಯ ಕಾವ್ಯ 14ನೆಯ ಶತಮಾನದ ಉತ್ತರಾರ್ಧದ್ದು: 'ಸರ್ ಗಾವೇನ್ ಮತ್ತು ಹಸಿರು ವೀರ'. ಲೀಡ್ಸ್‌ನಲ್ಲಿದ್ದಾಗ ಸಹೋದ್ಯೋಗಿ ಇ.ವಿ. ಗಾರ್ಡನ್ ಅವರೊಡಗೂಡಿ ಟೋಲ್ಕಿನ್ ಸಂಪಾದಿಸಿ 1925ರಲ್ಲಿ ಹೊರತಂದ ಆವೃತ್ತಿ ತಲೆಮಾರುಗಳ ಕಾಲ ವಿದ್ಯಾರ್ಥಿಗಳ ಕೈಪುಸ್ತಕವಾಗಿತ್ತು. ಹೊಸವರ್ಷದ ದಿನ ಆರ್ಥರ್ ದೊರೆಯ ಆಸ್ಥಾನಕ್ಕೆ ಮೈಯೆಲ್ಲ ಹಸಿರಾದ ವೀರನೊಬ್ಬ ಕೊಡಲಿ ಹಿಡಿದು ಕುದುರೆಯೇರಿ ಬರುತ್ತಾನೆ. ಯಾರಾದರೂ ತನ್ನ ಕುತ್ತಿಗೆ ಕಡಿಯಲಿ, ವರ್ಷ ತುಂಬಿದ ಮೇಲೆ ತಾನು ತಿರುಗಿ ಒಂದು ಪೆಟ್ಟು ಕೊಡುತ್ತೇನೆಂದು ಪಂಥ ಹೂಡುತ್ತಾನೆ. ಗಾವೇನ್ ಕಡಿಯುತ್ತಾನೆ. ಹಸಿರು ವೀರ ಬಿದ್ದ ತಲೆಯನ್ನು ಕೂದಲು ಹಿಡಿದೆತ್ತಿಕೊಂಡು, ಮುಂದಿನ ಹೊಸವರ್ಷ ಹಸಿರು ಚಾಪೆಲಿಗೆ ಬಾ ಎಂದು ಹೇಳಿ ಹೊರಟುಹೋಗುತ್ತಾನೆ!

ಕೊಟ್ಟ ಮಾತಿಗೆ ತಪ್ಪದ ಗಾವೇನ್ ಮರುವರ್ಷ ಸಕಲ ಸಂತರ ಹಬ್ಬ ಕಳೆದು ಪ್ರಯಾಣ ಹೊರಡುತ್ತಾನೆ. ಅವನ ಗುರಾಣಿಯ ಹೊರಮೈಯಲ್ಲಿ ಐದು ಮೂಲೆಯ ನಕ್ಷತ್ರ. ಕ್ರಿಸ್ತರ ಐದು ಗಾಯಗಳೂ ಮಾತೆ ಮರಿಯಳ ಐದು ಸಂತೋಷಗಳೂ ಅದರ ಅರ್ಥದಲ್ಲಿ ಸೇರಿವೆ. ಒಳಮೈಯಲ್ಲಿ, ಯುದ್ಧದಲ್ಲಿ ತನ್ನ ಕಣ್ಣಿಗೆ ಮಾತ್ರ ಕಾಣುವಂತೆ, ಮಾತೆ ಮರಿಯಳ ಚಿತ್ರ. ಕ್ರಿಸ್ಮಸ್ಸಿನ ಹಿಂದಿನ ದಿನ ಕಾಡಿನಲ್ಲಿ ಚಳಿಗೆ ನಡುಗುತ್ತ, ಹಬ್ಬದ ಬಲಿಪೂಜೆ ತಪ್ಪಿಹೋದೀತಲ್ಲಾ ಎಂದು ದುಃಖಿಸಿ, ಪರಲೋಕ ಮಂತ್ರ, ನಮೋ ಮರಿಯಾ, ವಿಶ್ವಾಸ ಪ್ರಮಾಣಗಳನ್ನು ಹೇಳಿ ಶಿಲುಬೆಯ ಗುರುತು ಹಾಕಿದಾಗ ಒಂದು ಕೋಟೆ ಕಾಣಿಸುತ್ತದೆ. ಕೋಟೆಯ ಒಡೆಯ ಒಂದು ಆಟ ಸೂಚಿಸುತ್ತಾನೆ: ಹಗಲು ತಾನು ಬೇಟೆಯಲ್ಲಿ ಗಳಿಸಿದ್ದನ್ನು ಗಾವೇನನಿಗೆ ಕೊಡುವುದು, ಗಾವೇನ್ ಮನೆಯಲ್ಲಿ ಗಳಿಸಿದ್ದನ್ನು ಅವನಿಗೆ ಕೊಡುವುದು. ಮೂರು ದಿನ ಒಡೆಯನ ಹೆಂಡತಿ ಗಾವೇನನ ಕೋಣೆಗೆ ಬಂದು ಅವನನ್ನು ಪ್ರಲೋಭನೆಗೆ ಒಡ್ಡುತ್ತಾಳೆ. ಅವನು ಮರ್ಯಾದೆ ಬಿಡದೆ, ಪಾಪಕ್ಕೂ ಬೀಳದೆ ಪಾರಾಗುತ್ತಾನೆ. ಆದರೆ ಮೂರನೆಯ ದಿನ, ಉಟ್ಟವನನ್ನು ಯಾರೂ ಕೊಲ್ಲಲಾರರೆಂದು ಹೇಳಿ ಆಕೆ ಕೊಟ್ಟ ಹಸಿರು ನಡುಪಟ್ಟಿಯನ್ನು, ಗಂಡನಿಗೆ ತಿಳಿಸಬಾರದೆಂಬ ಮಾತಿಗೆ ಒಪ್ಪಿ ಇಟ್ಟುಕೊಳ್ಳುತ್ತಾನೆ. ಮರುದಿನ ಕೊಡಲಿ ಕಾದಿದೆ, ಪ್ರಾಣದ ಆಸೆ.

ಇಲ್ಲಿ ಕವಿ ಒಂದು ಕೆಲಸ ಮಾಡುತ್ತಾನೆ. ನಡುಪಟ್ಟಿಯನ್ನು ಅಡಗಿಸಿಟ್ಟ ಕೂಡಲೇ ಗಾವೇನನನ್ನು ಕೋಟೆಯ ಯಾಜಕರ ಬಳಿಗೆ ಕಳುಹಿಸುತ್ತಾನೆ. ಗಾವೇನ್ ಪಾಪನಿವೇದನೆ ಮಾಡುತ್ತಾನೆ; ನಾಳೆಯೇ ಅಂತಿಮ ತೀರ್ಪಿನ ದಿನವೋ ಎಂಬಂತೆ ಯಾಜಕರು ಅವನನ್ನು ಪೂರ್ಣವಾಗಿ ಶುದ್ಧಗೊಳಿಸುತ್ತಾರೆ. ಅವನು ನಗುನಗುತ್ತ ಹಿಂತಿರುಗುತ್ತಾನೆ. ಸಂಜೆ ಆಟದ ನಿಯಮದಂತೆ ಒಡೆಯನಿಗೆ ತಾನು ಪಡೆದ ಮುತ್ತುಗಳನ್ನು ಹಿಂತಿರುಗಿಸುತ್ತಾನೆ, ನಡುಪಟ್ಟಿಯನ್ನಲ್ಲ.

ಬಹಳ ಜನ ವಿದ್ವಾಂಸರು ಈ ಪಾಪನಿವೇದನೆಯನ್ನು ಕಥೆಗೆ ಬೇಕಿಲ್ಲದ ಮಧ್ಯಯುಗದ ಅಲಂಕಾರವೆಂದು ದಾಟಿಹೋಗಿದ್ದರು. ನಿಂತು ನೋಡಿದ ಕೆಲವರು, ಮುಚ್ಚಿಟ್ಟದ್ದನ್ನು ಹಿಂದಿರುಗಿಸದೆ ಮಾಡಿದ ನಿವೇದನೆ ಅಸಿಂಧು, ಅದು ಕವಿಯ ಗಮನಕ್ಕೆ ಬಂದಿಲ್ಲ ಎಂದಿದ್ದರು. 1953ರ ಏಪ್ರಿಲ್ 15ರಂದು ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಟೋಲ್ಕಿನ್ ಉಪನ್ಯಾಸ ನೀಡಿದಾಗ ಹಸಿರು ವೀರನನ್ನೂ ಕೊಡಲಿಯನ್ನೂ ಬಹುತೇಕ ಬದಿಗೆ ಸರಿಸಿ ಈ ಪಾಪನಿವೇದನೆಯ ಮುಂದೆಯೇ ನಿಂತರು. ಕಥೆಯ ಓಟಕ್ಕೆ ಅನಾವಶ್ಯಕವಾಗಿದ್ದರೂ ಕವಿ ಇದನ್ನು ತಂದಿದ್ದಾನೆಂದರೆ, ಅದು ಅವನಿಗೆ ಅತ್ಯಾವಶ್ಯಕವಾಗಿತ್ತೆಂದೇ ಅರ್ಥ ಎಂದು ತರ್ಕಿಸಿದರು. ಪಾಪನಿವೇದನೆಯ ನಿಯಮಗಳನ್ನು ಬಲ್ಲ ಕವಿ, ಬಲ್ಲ ಓದುಗರಿಗಾಗಿ ಬರೆಯುತ್ತಿದ್ದವನು, ಇದನ್ನು ಅಜಾಗರೂಕತೆಯಿಂದ ಬರೆದಿರಲಾರ. ಅವನು ಸ್ಪಷ್ಟ ಮಾತುಗಳಲ್ಲಿ ಪಾಪವಿಮೋಚನೆ ಪೂರ್ಣವೆಂದು ಹೇಳಿದ್ದರೆ ಅದು ಪೂರ್ಣವೇ.

ಹಾಗಾದರೆ ನಡುಪಟ್ಟಿ? ಟೋಲ್ಕಿನ್ನರ ಉತ್ತರ ಧರ್ಮೋಪದೇಶದ ತರಗತಿಯಲ್ಲಿ ಕುಳಿತ ಯಾವ ಮಗುವಿಗೂ ಅರ್ಥವಾಗುವಂಥದು. ಗಾವೇನನ ಮುಂದೆ ಮೂರು ಬಗೆಯ ನಿಯಮಗಳಿದ್ದವು: ಆಟದ ನಿಯಮ, ಸಭ್ಯತೆಯ ನಿಯಮ, ದೇವರ ನಿಯಮ. ಪರಪತ್ನಿಯೊಡನೆ ಪಾಪಕ್ಕೆ ಬೀಳುವುದು ದೇವರ ನಿಯಮದ ವಿಷಯ. ಅಲ್ಲಿ ಅವನು ಗೆದ್ದ, ಗೆಲ್ಲುವುದಕ್ಕಾಗಿ ಸಭ್ಯತೆಯನ್ನೂ ಬಿಟ್ಟುಕೊಡಲು ಸಿದ್ಧನಾದ. ಸಂಜೆಯ ವಿನಿಮಯದಲ್ಲಿ ಒಂದು ವಸ್ತುವನ್ನು ಹಿಂದಿಟ್ಟದ್ದು ಆಟದ ನಿಯಮದ ಭಂಗ. ಯಾಜಕರ ಮುಂದೆ ಹೇಳಬೇಕಾದದ್ದು ಮೊದಲನೆಯ ಬಗೆಯದು. ಅದನ್ನು ಅವನು ಹೇಳಿದ. ಗಾವೇನ್ ಮಾತ್ರ ಕೊನೆಗೆ ಹಸಿರು ಚಾಪೆಲಿನಲ್ಲಿ ಕೊಡಲಿಯ ಸಣ್ಣ ಗೀರನ್ನು ಕುತ್ತಿಗೆಗೆ ಪಡೆದು, ಕೋಟೆಯ ಒಡೆಯನೇ ಹಸಿರು ವೀರನೆಂದು ತಿಳಿದಾಗ, ಆ ಚಿಕ್ಕ ತಪ್ಪಿಗಾಗಿ ನಾಚಿಕೆಯಿಂದ ಬೆಂದುಹೋಗುತ್ತಾನೆ. ಆಸ್ಥಾನದಲ್ಲಿ ಎಲ್ಲರ ಮುಂದೆ ಅದನ್ನು ಹೇಳಿಕೊಳ್ಳುತ್ತಾನೆ. ಸಜ್ಜನನಿಗೆ ತನ್ನ ಘೋರ ಪಾಪಗಳಿಗಿಂತ ತನ್ನ ಗೌರವಕ್ಕೆ ಕುಂದು ತಂದ ಸಣ್ಣ ತಪ್ಪುಗಳೇ ಹೆಚ್ಚು ಚುಚ್ಚುತ್ತವೆ ಎಂಬುದು ಪಾಪನಿವೇದನೆಗೆ ಸಾಲಿನಲ್ಲಿ ನಿಂತು ಅಭ್ಯಾಸವಿರುವ ನಮಗಾರಿಗೂ ಹೊಸತಲ್ಲ. ಆರುನೂರು ವರ್ಷಗಳ ಹಿಂದಿನ ಕವಿ ಅದನ್ನು ಬಲ್ಲವನಾಗಿದ್ದ.

ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿದ್ದಾರೆಂದಲ್ಲ. ಚರ್ಚೆ ಮುಂದುವರಿದಿದೆ. ಆದರೆ ಪಾಪನಿವೇದನೆಯನ್ನು ಅಲಂಕಾರವೆಂದು ದಾಟಿಹೋಗುವುದು ಈಗ ಕಷ್ಟ. ಗಮನಿಸಬೇಕಾದ ವಿಷಯವೆಂದರೆ, ಕಥೋಲಿಕನಾದುದರಿಂದ ನನ್ನ ಮಾತು ನಂಬಿ ಎಂದು ಟೋಲ್ಕಿನ್ ಎಲ್ಲಿಯೂ ಹೇಳಲಿಲ್ಲ. ಪದಗಳನ್ನು ತೋರಿಸಿದರು, ಕವಿ ಎಲ್ಲಿ ಯಾವುದನ್ನು ಇಟ್ಟಿದ್ದಾನೆಂದು ತೋರಿಸಿದರು, ಒಪ್ಪದವರೂ ಪರೀಕ್ಷಿಸಬಹುದಾದ ಸಾಕ್ಷ್ಯ ಮುಂದಿಟ್ಟರು. ಆದರೆ ಎಲ್ಲಿ ನಿಂತು ನೋಡಬೇಕೆಂದು ಅವರಿಗೆ ತಿಳಿದಿತ್ತಲ್ಲ, ಅದು ಬಾಲ್ಯದಿಂದ ಪಾಪನಿವೇದನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿದವರಿಗೆ ದೊರೆತ ತಿಳಿವು.

ಅವರ ಮೂರನೆಯ ದೊಡ್ಡ ಕಾರ್ಯ ಸಾರ್ವಜನಿಕರ ಕಣ್ಣಿಗೆ ಬೀಳುವಂಥದಲ್ಲ. 13ನೆಯ ಶತಮಾನದ ಆರಂಭದಲ್ಲಿ, ಚರ್ಚಿನ ಗೋಡೆಗೆ ತಗುಲಿದ ಸಣ್ಣ ಕೋಣೆಯಲ್ಲಿ ಬದುಕಿಡೀ ಪ್ರಾರ್ಥನೆಯಲ್ಲಿ ಕಳೆಯಲು ನಿರ್ಧರಿಸಿದ ಮೂವರು ಸಹೋದರಿಯರಿಗಾಗಿ ಗುರುಗಳೊಬ್ಬರು ಇಂಗ್ಲಿಷಿನಲ್ಲಿ ಬರೆದ 'ಆಂಕ್ರೆನೆ ವಿಸ್ಸೆ' ಎಂಬ ಮಾರ್ಗದರ್ಶಿ ಗ್ರಂಥ ಅದು. ಪ್ರಾರ್ಥನೆ, ಇಂದ್ರಿಯ ನಿಗ್ರಹ, ಪಾಪನಿವೇದನೆ, ಪ್ರಾಯಶ್ಚಿತ್ತ ಎಲ್ಲವೂ ಅದರಲ್ಲಿವೆ. ಸಾಕುಪ್ರಾಣಿಗಳ ಪೈಕಿ ಬೆಕ್ಕೊಂದನ್ನು ಮಾತ್ರ ಇಟ್ಟುಕೊಳ್ಳಬಹುದೆಂಬ ಅನುಮತಿಯೂ ಇದೆ! 1929ರ ಲೇಖನವೊಂದರಲ್ಲಿ ಟೋಲ್ಕಿನ್ ಈ ಗ್ರಂಥದ ಒಂದು ಹಸ್ತಪ್ರತಿಯನ್ನು ಬೇರೊಬ್ಬ ಲಿಪಿಕಾರ ಬರೆದ ಬೇರೆ ಭಕ್ತಿಗ್ರಂಥಗಳ ಹಸ್ತಪ್ರತಿಯೊಡನೆ ಹೋಲಿಸಿದರು. ಇಬ್ಬರ ಕಾಗುಣಿತವೂ ವ್ಯಾಕರಣವೂ ಆಶ್ಚರ್ಯಕರವಾಗಿ ಒಂದೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತದಲ್ಲಿ, ಅರಮನೆಯಲ್ಲಿ ಫ್ರೆಂಚ್ ನಡೆಯುತ್ತಿದ್ದಾಗ ಇಂಗ್ಲಿಷ್ ಹಳ್ಳಿಗರ ಒರಟು ನುಡಿಯಾಗಿ ಚದುರಿಹೋಗಿತ್ತೆಂಬುದು ಆವರೆಗಿನ ಸಾಮಾನ್ಯ ನಂಬಿಕೆ. ಪಶ್ಚಿಮದ ಒಂದು ಮೂಲೆಯಲ್ಲಾದರೂ ಅದು ಚದುರದೆ, ಕಲಿತವರು ಕಲಿಸುತ್ತ ಉಳಿಸಿಕೊಂಡ ಗ್ರಂಥಭಾಷೆಯಾಗಿಯೇ ಇತ್ತೆಂದು ಟೋಲ್ಕಿನ್ ತೋರಿಸಿದರು. ಅಲ್ಲಿ ಭಾಷೆಯನ್ನು ಉಳಿಸಿದ್ದು ಯಾವ ಸರಕಾರವೂ ಅಲ್ಲ; ಮೂವರು ತಪಸ್ವಿನಿಯರಿಗೆ ಅವರದೇ ನುಡಿಯಲ್ಲಿ ಬರೆಯಬೇಕೆಂದು ಕುಳಿತ ಗುರುಗಳು ಮತ್ತು ಅಂಥವರ ಶಾಲೆಗಳು. ಅದು ಅವರ ತಾಯಿಯ ಪೂರ್ವಜರ ಸೀಮೆಯೂ ಆಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಟೋಲ್ಕಿನ್ನರ ದೌರ್ಬಲ್ಯವನ್ನು ಮುಚ್ಚಿಡುವುದು ಸರಿಯಲ್ಲ. ಅವರು ಕೆಲಸ ಮುಗಿಸುವವರಾಗಿರಲಿಲ್ಲ. 1929ರಲ್ಲಿ ಆಂಕ್ರೆನೆ ವಿಸ್ಸೆಯ ಬಗ್ಗೆ ಅಷ್ಟು ಮುಖ್ಯವಾದುದನ್ನು ಕಂಡುಹಿಡಿದವರ ಸಂಪಾದಿತ ಪಾಠ ಹೊರಬಂದದ್ದು 1962ರಲ್ಲಿ, ನಿವೃತ್ತಿಯ ಬಳಿಕ. 1926ರಷ್ಟು ಹಿಂದೆಯೇ ಮುಗಿಸಿದ್ದ ಬಿಯೋವುಲ್ಫ್ ಗದ್ಯಾನುವಾದ ಪ್ರಕಟವಾದದ್ದು 2014ರಲ್ಲಿ, ಅವರು ತೀರಿಕೊಂಡು 41 ವರ್ಷಗಳಾದ ಮೇಲೆ, ಮಗ ಕ್ರಿಸ್ಟೋಫರ್ ಅವರ ಶ್ರಮದಿಂದ. ಪ್ರತಿ ಪದವನ್ನೂ ಮತ್ತೆ ಮತ್ತೆ ತಿದ್ದುವ ಸ್ವಭಾವ ಇದಕ್ಕೆ ಕಾರಣವೆಂದು ಅಭಿಮಾನಿಗಳು ಹೇಳುತ್ತಾರೆ. ನಮಗಾದರೋ ಅದು ಪೂರ್ಣ ಸಮಾಧಾನ ತರುವ ಉತ್ತರವಲ್ಲ. ಪಾಠಕ್ಕಾಗಿ ಕಾದಿದ್ದ ವಿದ್ವಾಂಸರ ತಾಳ್ಮೆಗೂ ಒಂದು ಮಿತಿ ಇತ್ತು. ಆದರೆ ಬೇರೆಯವರ ಕೆಲಸಕ್ಕೆ ಅವರು ಕೈ ಹಿಡಿದು ದುಡಿದದ್ದೂ ನಿಜ. ಬೆಲ್ಜಿಯಂನ ವಿದ್ವಾಂಸೆ ಸಿಮೋನ್ ದಾರ್ದೆನ್ 1936ರಲ್ಲಿ ಸಂತ ಜೂಲಿಯಾನಳ ಜೀವನಚರಿತ್ರೆಯ ಆವೃತ್ತಿ ಪ್ರಕಟಿಸಿದಾಗ ಅದರಲ್ಲಿ ಟೋಲ್ಕಿನ್ನರ ಪಾಲು ದೊಡ್ಡದಿತ್ತು. ಮುಖಪುಟದ ಮೇಲೆ ಅವರ ಹೆಸರಿರಲಿಲ್ಲ.

ಇಂಗ್ಲಿಷ್ 'ಜೆರೂಸಲೇಮ್ ಬೈಬಲ್' ನಮ್ಮ ಕೆಲವು ಮನೆಗಳಲ್ಲಿಯೂ ಇದ್ದೀತು. 1966ರಲ್ಲಿ ಪ್ರಕಟವಾದ ಆ ಅನುವಾದದ ಸಹಾಯಕರಲ್ಲಿ ಟೋಲ್ಕಿನ್ ಒಬ್ಬರು. ಪ್ರವಾದಿ ಯೋನನ ಪುಸ್ತಕಕ್ಕೆ ಕೈಹಾಕಿದವರು ಅವರು. ಯೋನನ ಕಥೆಯನ್ನೇ ಹೇಳುವ 'ಪೇಶನ್ಸ್' ಎಂಬ ಹಳೆಯ ಕಾವ್ಯವೂ ಗಾವೇನನ ಕಥೆಯೂ ಒಂದೇ ಹಸ್ತಪ್ರತಿಯಲ್ಲಿ ಉಳಿದುಬಂದಿವೆ. ಅದೇ ಹಸ್ತಪ್ರತಿಯ ಮೊದಲ ಕಾವ್ಯ 'ಪರ್ಲ್', ಎಂದರೆ ಮುತ್ತು. ಗಾವೇನ್ ಮತ್ತು ಪರ್ಲ್ ಎರಡರ ಟೋಲ್ಕಿನ್ ಅನುವಾದಗಳೂ 'ಸರ್ ಓರ್ಫಿಯೋ' ಎಂಬ ಇನ್ನೊಂದು ಕಾವ್ಯದೊಡನೆ ಒಂದೇ ಸಂಪುಟದಲ್ಲಿ 1975ರಲ್ಲಿ ಹೊರಬಂದವು. ಪ್ರೌಢಶಾಲೆ ದಾಟಿದ, ಇಂಗ್ಲಿಷ್ ಚೆನ್ನಾಗಿ ಬಲ್ಲ ಮಕ್ಕಳಿಗೆ ಈ ಕ್ರಿಸ್ಮಸ್ಸಿಗೆ ಏನಾದರೂ ಕೊಡಿಸಬೇಕೆನ್ನುವ ಹೆತ್ತವರಿಗೆ ನಮ್ಮ ಶಿಫಾರಸು ಈ ಸಂಪುಟ.

ಕೊಡಿಸುವ ಮುನ್ನ ಹೆತ್ತವರೂ 'ಪರ್ಲ್' ಓದಿನೋಡಲಿ. ಎರಡು ವರ್ಷವೂ ತುಂಬದ ಮಗಳನ್ನು ಕಳೆದುಕೊಂಡ ತಂದೆ ಅವಳನ್ನು ಹುಲ್ಲಿನಲ್ಲಿ ಜಾರಿಬಿದ್ದ ಮುತ್ತೆಂದು ಕರೆದು ಸಮಾಧಿಯ ಮೇಲೆ ಬಿದ್ದು ಅಳುತ್ತಾನೆ. ಮಗು ನಿಜವಾದುದಲ್ಲ, ಬರೀ ರೂಪಕ ಎಂದು ಕೆಲವು ವಿಮರ್ಶಕರು ವಾದಿಸಿದ್ದರು. ಈ ದುಃಖ ನಿಜವಾದ ತಂದೆಯದು, ನಿಜವಾದ ಮಗುವಿಗಾಗಿ ಎಂದು ಟೋಲ್ಕಿನ್ ಗಟ್ಟಿಯಾಗಿ ನಿಂತರು. ನಿದ್ದೆ ಹತ್ತಿದ ತಂದೆಗೆ ಹೊಳೆಯ ಆಚೆ ದಡದಲ್ಲಿ ಬೆಳೆದು ನಿಂತ ಮಗಳು ಕಿರೀಟ ಧರಿಸಿ ಕಾಣಿಸುತ್ತಾಳೆ. ಪರಲೋಕ ಮಂತ್ರವನ್ನೂ ಕಲಿಯದ ಕೂಸಿಗೆ ಕಿರೀಟವೇ ಎಂದು ಅವನು ಕೇಳುತ್ತಾನೆ. ಸಂಜೆ ಬಂದ ಕೂಲಿಗಳಿಗೂ ದಿನದ ಪೂರ್ಣ ಕೂಲಿ ಕೊಟ್ಟ ದ್ರಾಕ್ಷಿತೋಟದ ಒಡೆಯನ ಸಾಮತಿಯನ್ನು ಹೇಳಿ ಮಗಳು ತಂದೆಗೆ ಉತ್ತರಿಸುತ್ತಾಳೆ. ಅವಳತ್ತ ಹೋಗಲು ಅವನು ಹೊಳೆಗೆ ಧುಮುಕಲಿದ್ದಾಗ ಎಚ್ಚರವಾಗುತ್ತದೆ. ಅದೇ ತೋಟ, ಅದೇ ಸಮಾಧಿ, ಅದೇ ಹುಲ್ಲು. ಪ್ರತಿದಿನ ಯಾಜಕರು ರೊಟ್ಟಿ ಮತ್ತು ದ್ರಾಕ್ಷಾರಸದ ರೂಪದಲ್ಲಿ ಎತ್ತಿ ತೋರಿಸುವ ಪ್ರಭುವನ್ನು ನೆನೆದು ತಂದೆ ಮಗಳನ್ನು ದೇವರಿಗೆ ಒಪ್ಪಿಸಿಕೊಡುತ್ತಾನೆ. ಕಾವ್ಯ ಅಲ್ಲಿಗೆ ನಿಲ್ಲುತ್ತದೆ.